ಜೋಳದ ಹೊಲದ ಕಸ: ಬೇಸಿಗೆಯಿಂದ ರಾಶಿಯವರೆಗೆ ಮಾಡಬೇಕಾದ ಕೆಲಸ

ಕಸ ಕಣ್ಣಿಗೆ ಕುಕ್ಕುವಷ್ಟು ಬೆಳೆದ ಮೇಲೆ ಆಳು ಹುಡುಕಲು ಹೊರಡುವುದು ನಮ್ಮ ಕಡೆ ರೂಢಿ. ಅಷ್ಟೊತ್ತಿಗೆ ನಷ್ಟ ಆಗಿಹೋಗಿರುತ್ತದೆ. ಜೋಳ ಬಿತ್ತಿದ ಮೊದಲ 30–35 ದಿನ ಬಹಳ ನಿಧಾನವಾಗಿ ಬೆಳೆಯುತ್ತದೆ. ಕಸ ಹಾಗಲ್ಲ, ಅದು ಹುಟ್ಟಿದಾಗಿನಿಂದಲೇ ಜೋರು. ಆ ಒಂದು ತಿಂಗಳಲ್ಲಿ ಕಸ ತಿಂದ ಗೊಬ್ಬರ, ಕುಡಿದ ನೀರು ಮತ್ತೆ ಬೆಳೆಗೆ ಸಿಗುವುದಿಲ್ಲ. ಆಮೇಲೆ ಹೊಲ ಎಷ್ಟೇ ಹಸನು ಮಾಡಿದರೂ ತೆನೆ ಸಣ್ಣದೇ ಆಗುತ್ತದೆ. ಅದರಲ್ಲೂ ಹಿಂಗಾರಿ ಜೋಳಕ್ಕೆ ಮೇಲಿನಿಂದ ಮಳೆ ಬರುವುದು ಅಪರೂಪ. ಎರೆ ಮಣ್ಣು ಹಿಡಿದಿಟ್ಟ ಹಸಿಯೇ ಅದಕ್ಕೆ ಬಂಡವಾಳ. ಅದರಲ್ಲಿ ಕಸ ಪಾಲು ಕೇಳಿದರೆ ಕಾಳಿಗೂ ಕಡಿಮೆ, ದನಕ್ಕೆ ಹಾಕುವ ಕಣಿಕೆಗೂ ಕಡಿಮೆ.

ಹಾಗಾಗಿ ಕಸದ ಕೆಲಸ ಶುರುವಾಗುವುದು ಬಿತ್ತಿದ ಮೇಲಲ್ಲ, ಹಿಂದಿನ ಬೆಳೆ ತೆಗೆದ ಮರುದಿನದಿಂದ. ಕಲಬುರಗಿಯ ಅಫಜಲಪುರ, ಜೇವರ್ಗಿ, ಆಳಂದ ಕಡೆಯ ಎರೆಹೊಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಬೀದರದ ಮುಂಗಾರಿ ಜೋಳ, ಯಾದಗಿರಿಯ ಭತ್ತದ ವಿಷಯವೂ ಮುಂದೆ ಬರುತ್ತದೆ.

ಮೊದಲು ಗುರುತು ಹಿಡಿಯಿರಿ

ಎಲ್ಲ ಕಸಕ್ಕೂ ಒಂದೇ ಮದ್ದು ಇಲ್ಲ. ಹೊಲದಲ್ಲಿ ಒಂದು ಸುತ್ತು ಹಾಕಿ, ನಿಮ್ಮಲ್ಲಿ ಯಾವುದು ಜಾಸ್ತಿ ಅಂತ ನೋಡಿಕೊಳ್ಳಿ.

ಕಿರಕಸಾಲಿ, ಕನ್ನೆಸೊಪ್ಪು, ಕಾಂಗ್ರೆಸ್ ಕಸ, ಹಲವು ಬಗೆಯ ಹುಲ್ಲು, ಇವೆಲ್ಲ ಬೀಜದಿಂದ ಹುಟ್ಟುತ್ತವೆ. ಸಣ್ಣದಿದ್ದಾಗ ಕುಂಟೆ ತಾಗಿದರೆ ಸಾಕು, ಸಾಯುತ್ತವೆ. ಇವುಗಳಲ್ಲಿ ಕನ್ನೆಸೊಪ್ಪು ಸ್ವಲ್ಪ ಹಟಮಾರಿ. ಕಿತ್ತು ಸಾಲಿನಲ್ಲೇ ಬಿಟ್ಟರೆ, ನೆಲ ಹಸಿ ಇದ್ದಾಗ ಅದರ ದಂಟಿನ ಗೆಣ್ಣುಗಳಲ್ಲಿ ಬೇರು ಬಂದು ಮತ್ತೆ ಹಬ್ಬುತ್ತದೆ. ಅದನ್ನು ಬುಟ್ಟಿಗೆ ಹಾಕಿಕೊಂಡು ಹೊಲದಿಂದ ಹೊರಗೆ ಒಯ್ಯಲೇಬೇಕು.

ಕರಿಕೆ ಮತ್ತು ಜೇಕು ಬೇರೆ ಜಾತಿಯವು. ಇವುಗಳ ಜೀವ ನೆಲದೊಳಗಿದೆ. ಜೇಕಿನ ಎಲೆ ಹಿಡಿದು ಎಳೆದರೆ ಎಲೆ ಕಿತ್ತು ಕೈಗೆ ಬರುತ್ತದೆ, ಅಷ್ಟೇ. ಒಂದು ಗಿಡವನ್ನು ಕುರ್ಪಿಯಿಂದ ಒಂದು ಗೇಣು ಆಳ ಅಗೆದು ಎಬ್ಬಿಸಿ ನೋಡಿ. ತಂತಿಯಂಥ ಸಣ್ಣ ಬೇರಿನ ಉದ್ದಕ್ಕೂ ಕಪ್ಪು ಗಡ್ಡೆಗಳು ಪೋಣಿಸಿದ ಹಾಗೆ ಕಾಣುತ್ತವೆ. ಅದರಲ್ಲಿ ಒಂದೊಂದು ಗಡ್ಡೆಯೂ ಒಂದೊಂದು ಹೊಸ ಗಿಡ.

ಮೂರನೆಯದು ಸ್ಟ್ರೈಗಾ. ಜೋಳದ ಬೇರಿಗೇ ಬಾಯಿ ಹಾಕಿ ಬದುಕುವ ಕಸ. ಅದಕ್ಕೆ ಬೇರೆಯದೇ ಲೆಕ್ಕ. ಮುಂದೆ ಹೇಳುತ್ತೇನೆ.

ಬೇಸಿಗೆಯ ಕೆಲಸ

ಫೆಬ್ರವರಿ–ಮಾರ್ಚ್‌ನಲ್ಲಿ ಜೋಳ ತೆಗೆದ ಮೇಲೆ ಹೊಲವನ್ನು ಸುಮ್ನೆ ಬಿಡಬೇಡಿ. ಕರಿಕೆ, ಜೇಕು ಇರುವ ಹೊಲವಾದರೆ ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿಸಿ. ಹೆಂಟೆ ದೊಡ್ಡದಾಗಿ ಏಳಲಿ, ಪರವಾಗಿಲ್ಲ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲೆ ಬಂದ ಗಡ್ಡೆ, ಬೇರು ಒಣಗಲು ಅದಕ್ಕಿಂತ ಒಳ್ಳೆಯ ಔಷಧ ಇಲ್ಲ, ಖರ್ಚೂ ಇಲ್ಲ. ಉತ್ತ ಮೇಲೆ ಕರಿಕೆ ಬೇರನ್ನು ಆಯ್ದು ಬದುವಿಗೆ ಹಾಕಿ, ಪೂರಾ ಒಣಗಿದ ಮೇಲೆ ಸುಡಿ.

ಕರಿಕೆ ಹಬ್ಬಿದ ಹೊಲಕ್ಕೆ ರೋಟವೇಟರ್ ಹೊಡೆಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಹೊಡೆಸಿದ ದಿನ ಹೊಲ ಹಿಟ್ಟಿನಂತೆ ಕಾಣುತ್ತದೆ, ಮನಸ್ಸಿಗೂ ಖುಷಿ. ಆದರೆ ಆ ಯಂತ್ರ ಕರಿಕೆಯನ್ನು ತುಂಡು ತುಂಡು ಮಾಡಿ ಇಡೀ ಹೊಲಕ್ಕೆ ಹರಡುತ್ತದೆ. ಮಳೆ ಬಿದ್ದರೆ ಪ್ರತಿ ತುಂಡೂ ಚಿಗುರುತ್ತದೆ. ಮೂಲೆಯಲ್ಲಿದ್ದದ್ದು ಮಧ್ಯಕ್ಕೆ ಬಂದಿರುತ್ತದೆ.

ತಿಪ್ಪೆಗೊಬ್ಬರ ಪೂರಾ ಕಳಿತಿರಬೇಕು. ಹಸಿ ಗೊಬ್ಬರದ ಜೊತೆ ಕಸದ ಬೀಜವೂ ಹೊಲಕ್ಕೆ ಬರುತ್ತದೆ. ಬೀಜ ಕಟ್ಟಿದ ಕಾಂಗ್ರೆಸ್ ಕಸವನ್ನು ತಿಪ್ಪೆಗೆ ಎಸೆಯುವ ಅಭ್ಯಾಸ ಹಲವರಿಗಿದೆ. ಅದನ್ನು ಬಿಡಿ. ಹೂ ಬಿಡುವ ಮುನ್ನ ಕಿತ್ತದ್ದಾದರೆ ಗೊಬ್ಬರ ಮಾಡಬಹುದು.

ಮುಂಗಾರಿನಲ್ಲಿ ಖಾಲಿ ಹೊಲ

ಹಿಂಗಾರಿ ಜೋಳದ ಹೊಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಇರುತ್ತದೆ. ನನ್ನ ಪ್ರಕಾರ ಇಡೀ ವರ್ಷದ ಕಸದ ಗೆಲುವು ಸೋಲು ತೀರ್ಮಾನವಾಗುವುದು ಈ ನಾಲ್ಕು ತಿಂಗಳಲ್ಲಿ.

ಮೃಗಶಿರ ಮಳೆ ಬಿದ್ದ ವಾರ ಹತ್ತು ದಿನಕ್ಕೆ ಮೊದಲ ಕಸ ಹಸಿರು ಹಾಸಿದಂತೆ ಏಳುತ್ತದೆ. ಏಳಲಿ. ಎರಡು ಮೂರು ಎಲೆ ಬಂದಾಗ, ನೆಲ ಹದ ನೋಡಿಕೊಂಡು ಕುಂಟೆ ಹೊಡೆಯಿರಿ. ಮುಂದಿನ ಮಳೆಗೆ ಇನ್ನೊಂದು ಬೆಳೆ ಕಸ ಏಳುತ್ತದೆ. ಮತ್ತೆ ಹರಗಿ. ಉತ್ತರಿ ಮಳೆಯೊಳಗೆ ಹೀಗೆ ಮೂರು ನಾಲ್ಕು ಸಲ ಹರಗಿದರೆ, ಮೇಲ್ಪದರದಲ್ಲಿದ್ದ ಕಸದ ಬೀಜ ಬಹಳಷ್ಟು ಖಾಲಿಯಾಗುತ್ತದೆ. ಬಿತ್ತಿದ ಮೇಲೆ ಏಳುವುದು ಉಳಿದದ್ದು ಮಾತ್ರ. ನಮ್ಮ ಹಿರಿಯರು ಹೊಲ ಹರಗುತ್ತಲೇ ಇದ್ದದ್ದು ಇದಕ್ಕೇ.

ಈಗ ಎಷ್ಟೋ ಹೊಲಗಳನ್ನು ಸೆಪ್ಟೆಂಬರ್‌ವರೆಗೆ ಹಾಗೇ ಬಿಟ್ಟು, ಬಿತ್ತುವ ಹಿಂದಿನ ದಿನ ಟ್ರ್ಯಾಕ್ಟರ್ ತಂದು ಒಂದೇ ಸಲ ಮಗುಚುತ್ತಾರೆ. ಹೊಲ ಹಸನಾದಂತೆ ಕಾಣುತ್ತದೆ. ಆದರೆ ಅಷ್ಟರಲ್ಲಿ ಕಸ ಬೀಜ ಉದುರಿಸಿ ಮುಗಿಸಿರುತ್ತದೆ. ಮುಂದಿನ ಎಷ್ಟೋ ವರ್ಷ ಆ ಬೀಜ ಹುಟ್ಟುತ್ತಲೇ ಇರುತ್ತದೆ.

ಎರಡು ಎಚ್ಚರ. ಹರಗುವುದು ಇಳಿಜಾರಿಗೆ ಅಡ್ಡವಾಗಿ ಇರಲಿ, ಇಲ್ಲದಿದ್ದರೆ ಒಂದು ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಇನ್ನು, ಮಣ್ಣು ಆಳ ಇದ್ದು ಮುಂಗಾರು ಚೆನ್ನಾಗಿ ಹಿಡಿದ ವರ್ಷ ಹೊಲ ಖಾಲಿ ಬಿಡುವ ಬದಲು ಹೆಸರು ಬಿತ್ತಬಹುದು. ಬೇಗ ನೆಲ ಮುಚ್ಚುತ್ತದೆ, ಕಸಕ್ಕೆ ಬಿಸಿಲು ಸಿಗುವುದಿಲ್ಲ, ಜೋಳದ ಹೊತ್ತಿಗೆ ಹೊಲ ಖಾಲಿಯೂ ಆಗುತ್ತದೆ.

ಬಿತ್ತುವಾಗ

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಉತ್ತರಿ, ಹಸ್ತ ಮಳೆಗಳ ಹದದಲ್ಲಿ ಬಿತ್ತನೆ. ಕೊನೆಯ ಹರಗುವಿಕೆಗೂ ಕೂರಿಗೆಗೂ ನಡುವೆ ಅಂತರ ಬೇಡ. ಹರಗಿ ವಾರ ಬಿಟ್ಟು ಬಿತ್ತಿದರೆ ಕಸಕ್ಕೆ ವಾರದ ಮುನ್ನಡೆ ಕೊಟ್ಟಂತೆ.

ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ. ಎಕರೆಗೆ 3 ಕಿಲೋ ಬೀಜ. ಸಾಲು ನೇರ ಇರಬೇಕು, ಏಕೆಂದರೆ ಸಾಲು ಡೊಂಕಾದರೆ ಸಾಲಿನ ನಡುವೆ ಎಳೆಯುವ ಎಡೆಕುಂಟೆ ಬೆಳೆಯನ್ನೇ ಕಡಿಯುತ್ತದೆ. ಗೊಬ್ಬರವನ್ನು ಎರಚಬೇಡಿ. ಕೂರಿಗೆಯಲ್ಲೇ ಸಾಲಿನ ಕೆಳಗೆ ಇಳಿಸಿ. ಎರಚಿದ ಗೊಬ್ಬರ ಸಾಲಿನ ನಡುವಿನ ಕಸಕ್ಕೂ ಊಟ.

ಎಡೆ ಹೊಡೆಯುವುದು

ಬಿತ್ತಿ ಮೂರನೇ ವಾರಕ್ಕೆ ಮೊದಲ ಎಡೆ, ಐದನೇ ವಾರಕ್ಕೆ ಎರಡನೆಯದು, ಎಂಟನೇ ವಾರದ ಹೊತ್ತಿಗೆ ಮೂರನೆಯದು. ಮೊದಲ ಎರಡು ಕಸಕ್ಕಾಗಿ. ಮೂರನೆಯದು ಮುಖ್ಯವಾಗಿ ಹಸಿಗಾಗಿ. ಎರೆ ನೆಲ ಒಣಗುತ್ತಾ ಬಂದಂತೆ ಬಾಯಿ ಬಿಡುತ್ತದೆ, ಆ ಬಿರುಕಿನಿಂದ ಒಳಗಿನ ಹಸಿ ಆರಿಹೋಗುತ್ತದೆ. ಕುಂಟೆಯ ಮಣ್ಣು ಬಿರುಕು ಮುಚ್ಚುತ್ತದೆ. ಕಸ ಇಲ್ಲ ಅಂತ ಮೂರನೇ ಎಡೆ ಬಿಡುವವರು ಇದನ್ನು ಯೋಚಿಸಬೇಕು.

ಮೊದಲ ಎಡೆಗೆ ಹದ ನೋಡುವುದು ಹೀಗೆ: ಎರಡು ಇಂಚು ಕೆಳಗಿನ ಮಣ್ಣು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಬೆರಳಿಗೆ ಮೆತ್ತಿಕೊಂಡರೆ ಇನ್ನೊಂದೆರಡು ದಿನ ಕಾಯಿರಿ. ಉಂಡೆಯಾಗಿ, ಬಿಟ್ಟ ಕೂಡಲೇ ಪುಡಿಯಾದರೆ ಎತ್ತು ಕಟ್ಟಿ. ಹಸಿ ಜಾಸ್ತಿ ಇದ್ದಾಗ ಹೊಡೆದರೆ ಕಸ ಸಾಯದೆ ಪಕ್ಕಕ್ಕೆ ಸರಿದು ಮತ್ತೆ ನಾಟಿಕೊಳ್ಳುತ್ತದೆ. ಬೆಳಿಗ್ಗೆ ಬೇಗ ಶುರು ಮಾಡಿ, ಎದ್ದ ಕಸ ಸಂಜೆಯೊಳಗೆ ಬಿಸಿಲಿಗೆ ಬಾಡಬೇಕು. ಮೋಡ ಕವಿದ ದಿನ ಬೇಡ. ಕುಂಟೆ ಹೆಚ್ಚು ಆಳ ಇಳಿಸಬೇಡಿ, ಕಸದ ಬೇರು ಕತ್ತರಿಸುವಷ್ಟು ಸಾಕು. ಆಳ ಇಳಿಸಿದರೆ ಕೆಳಗಿನ ಕಸದ ಬೀಜವನ್ನು ನೀವೇ ಮೇಲೆ ತಂದ ಹಾಗೆ.

ಎತ್ತಿನ ಗಳೆ ಸಿಗುವುದು ವರ್ಷ ವರ್ಷಕ್ಕೂ ಕಷ್ಟವಾಗುತ್ತಿದೆ, ಬಾಡಿಗೆಯೂ ಜಾಸ್ತಿ. ಎರಡು ಮೂರು ಎಕರೆಯವರಿಗೆ ಸೈಕಲ್ ಎಡೆಕುಂಟೆ ಒಳ್ಳೆಯದು. ಒಬ್ಬರೇ ತಳ್ಳಿಕೊಂಡು ಹೋಗಬಹುದು. ಆದರೆ ಅದು ಸಣ್ಣ ಕಸಕ್ಕೆ ಮಾತ್ರ. ಕಸ ಗೇಣುದ್ದ ಆಯಿತೋ, ತಳ್ಳಿ ತಳ್ಳಿ ಎದೆ ನೋವಷ್ಟೇ ಉಳಿಯುತ್ತದೆ.

ಸಾಲಿನ ಒಳಗಿನ ಕಸ ಎಡೆಕುಂಟೆಗೆ ಸಿಗುವುದಿಲ್ಲ. ಮೊದಲ ಎಡೆ ಆದ ಎರಡು ಮೂರು ದಿನದೊಳಗೆ ಕುರ್ಪಿ ಹಿಡಿದು ಸದೆ ಕಳೆಯಬೇಕು. ಅದೇ ಸುತ್ತಿನಲ್ಲಿ ದಟ್ಟ ಇದ್ದಲ್ಲಿ ಜೋಳವನ್ನೂ ತೆಳುವು ಮಾಡಿ, ಗಿಡಕ್ಕೆ ಗಿಡ ಸುಮಾರು 15 ಸೆಂಟಿಮೀಟರ್ ಇರುವಂತೆ. ಈ ಕೆಲಸ ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ಮಾಡುವ ಕೆಲಸ ಅದು. ಕಾಂಗ್ರೆಸ್ ಕಸ ಇರುವ ಹೊಲವಾದರೆ ಕೈಗವಸು, ತುಂಬು ತೋಳಿನ ಅಂಗಿ ನೀವೇ ಕೊಡಿಸಿ. ಆ ಕಸದ ನಂಜಿನಿಂದ ಬರುವ ತುರಿಕೆ ಎಷ್ಟೋ ಮಂದಿಗೆ ವರ್ಷಗಟ್ಟಲೆ ಬಿಡುವುದಿಲ್ಲ.

ಕಾಂಗ್ರೆಸ್ ಕಸದ ಬಗ್ಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಅದರ ಎಲೆ ತಿನ್ನುವ ಸಣ್ಣ ದುಂಡನೆಯ ಹುಳು ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೊದಿಂದ ತಂದ ಜೀರುಂಡೆ. 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಟ್ಟರು, ಈಗ ದೂರ ದೂರಕ್ಕೂ ಹರಡಿದೆ. ಬದುವಿನ ಮೇಲೆ, ದಾರಿ ಬದಿಯಲ್ಲಿ ಅದು ನಿಮ್ಮ ಕೆಲಸವನ್ನೇ ಮಾಡುತ್ತಿರುತ್ತದೆ.

ಸ್ಟ್ರೈಗಾ: ನೆಲದೊಳಗಿನ ಕಳ್ಳ

ಹೊಲದಲ್ಲಿ ಹಸಿ ಇದೆ, ಗೊಬ್ಬರ ಹಾಕಿದ್ದೀರಿ, ಆದರೂ ಅಲ್ಲಲ್ಲಿ ಒಂದೊಂದು ತೇಪೆಯ ಜೋಳ ನೀರಿಲ್ಲದಂತೆ ಬಾಡುತ್ತಿದೆ. ಎಲೆ ಹಳದಿ, ಗಿಡ ಕುಳ್ಳ. ಹೀಗಾದರೆ ಕೂಡಲೇ ಅನುಮಾನ ಪಡಿ. ಇನ್ನೊಂದಷ್ಟು ದಿನಕ್ಕೆ ಜೋಳದ ಬುಡದಲ್ಲಿ ಗೇಣುದ್ದದ, ಸಣ್ಣ ಬಿಳಿ ಹೂವಿನ ಗಿಡ ಕಾಣುತ್ತದೆ. ನೋಡಲು ಪಾಪದ ಗಿಡ. ಹಾನಿ ಮಾತ್ರ ಅದು ಮೇಲೆ ಬರುವ ಮೊದಲೇ ಆಗಿರುತ್ತದೆ.

ಇದರ ಬೀಜ ಪುಡಿಯಷ್ಟು ಸಣ್ಣದು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ಹತ್ತು ವರ್ಷಕ್ಕಿಂತ ಜಾಸ್ತಿ ಮಣ್ಣಿನಲ್ಲಿ ಜೀವ ಹಿಡಿದಿರಬಲ್ಲವು. ಸುಮ್ನೆ ಮಳೆ ಬಂದರೆ ಮೊಳೆಯುವುದಿಲ್ಲ. ಜೋಳದ ಬೇರು ಮಣ್ಣಿಗೆ ಬಿಡುವ ಒಂದು ರಸದ ಸುಳಿವು ಸಿಕ್ಕಾಗ ಮಾತ್ರ ಮೊಳೆತು, ಆ ಬೇರಿಗೇ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿಂದ ಜೋಳದ ನೀರು, ಸತ್ವ ಎರಡನ್ನೂ ಹೀರುತ್ತದೆ.

ಮೇಲೆ ಬರುವ ಮೊದಲೇ ನೋಡುವ ದಾರಿ ಒಂದಿದೆ. ಬಿತ್ತಿ ಐದು ವಾರವಾದಾಗ, ಅನುಮಾನ ಇರುವ ತೇಪೆಯಿಂದ ಒಂದು ಜೋಳದ ಗಿಡವನ್ನು ಎಳೆಯಬೇಡಿ, ಸುತ್ತ ಗೇಣು ಬಿಟ್ಟು ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಎರೆ ಮಣ್ಣು ತಾನೇ ಕರಗಿ ಕೆಳಗೆ ಇಳಿಯುತ್ತದೆ. ನಿಧಾನವಾಗಿ ಅಲ್ಲಾಡಿಸಿ ಬೇರು ತೊಳೆಯಿರಿ. ಬೇರಿನ ಮೇಲೆ ಸಣ್ಣ ಗಂಟು, ಆ ಗಂಟಿನಿಂದ ಎದ್ದ ಬೆಳ್ಳನೆಯ ಎಳೆ ಮೊಳಕೆ ಕಂಡರೆ ಅದೇ ಸ್ಟ್ರೈಗಾ. ಬೆಳಕು ಕಾಣದ್ದರಿಂದ ಅದಕ್ಕಿನ್ನೂ ಹಸಿರು ಬಂದಿರುವುದಿಲ್ಲ. ಜೋರಾಗಿ ಜಾಡಿಸಿದರೆ ಕಳಚಿಹೋಗುತ್ತದೆ, ಆಮೇಲೆ ನನ್ನ ಹೊಲದಲ್ಲಿ ಏನೂ ಇಲ್ಲ ಅಂದುಕೊಳ್ಳುತ್ತೀರಿ.

ಕಂಡ ಮೇಲೆ ಏನು ಮಾಡಬೇಕು? ಈ ವರ್ಷದ ಕೆಲಸ ಒಂದೇ: ಒಂದು ಗಿಡವೂ ಬೀಜ ಉದುರಿಸಬಾರದು. ದೀಪಾವಳಿ ಆದ ಮೇಲೆ ವಾರಕ್ಕೊಮ್ಮೆ ಆ ತೇಪೆಗೆ ಹೋಗಿ, ಮೇಲೆ ಬಂದಂತೆಲ್ಲ ಹೂ ಬಿಡುವ ಮುನ್ನ ಕೀಳಿ. ಹೂ ಬಂದದ್ದನ್ನು ಬದುವಿಗೆ ಎಸೆಯಬೇಡಿ, ಚೀಲಕ್ಕೆ ಹಾಕಿ ಒಯ್ದು ಸುಡಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ ಅಲ್ವಾ, ಆವತ್ತು ಮಕ್ಕಳಿಗೂ ಆ ಬಿಳಿ ಹೂವಿನ ಗಿಡ ತೋರಿಸಿ. ದೊಡ್ಡವರಿಗೆ ಕಾಣದ್ದು ಅವರ ಕಣ್ಣಿಗೆ ಬೀಳುತ್ತದೆ.

ಮುಂದಿನ ವರ್ಷದ ಕೆಲಸ ಬೆಳೆ ಬದಲಿಸುವುದು. ಜೋಳದ ಮೇಲೆ ಜೋಳ ಬೇಡವೇ ಬೇಡ. ಹತ್ತಿ, ಅಲಸಂದಿಯಂಥ ಬೆಳೆಗಳ ಬೇರು ಕೂಡ ಸ್ಟ್ರೈಗಾ ಬೀಜವನ್ನು ಮೊಳೆಯುವಂತೆ ಮಾಡುತ್ತವೆ. ಆದರೆ ಮೊಳೆತದ್ದಕ್ಕೆ ಅಲ್ಲಿ ಅಂಟಿಕೊಳ್ಳಲು ಆಗುವುದಿಲ್ಲ, ಸಾಯುತ್ತದೆ. ಹೀಗೆ ಬೀಜವನ್ನು ಮೊಳೆಯಿಸುವ ಬೇರಿನ ರಸದಲ್ಲಿರುವ ಅಂಶವನ್ನು ವಿಜ್ಞಾನಿಗಳು 1966ರಲ್ಲಿ ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದಲೇ. ಒಂದು ವರ್ಷಕ್ಕೆ ಹೊಲ ಶುದ್ಧ ಆಗುವುದಿಲ್ಲ, ಬೀಜ ಅಷ್ಟಿರುತ್ತದೆ. ಎರಡು ಮೂರು ವರ್ಷ ಜೋಳ, ಸಜ್ಜೆ, ಮೆಕ್ಕೆಜೋಳ ಬಿಟ್ಟು ತೊಗರಿ, ಕಡಲೆ, ಹತ್ತಿ, ಕುಸುಬೆ ಮಾಡಿಕೊಳ್ಳಿ. ನಮ್ಮದು ತೊಗರಿ ಸೀಮೆ, ಇದು ನಮಗೆ ಕಷ್ಟವಲ್ಲ.

ಬಡವಾದ ನೆಲದಲ್ಲಿ, ಸಾರಜನಕ ಕಡಿಮೆ ಇರುವಲ್ಲಿ ಸ್ಟ್ರೈಗಾ ಹೆಚ್ಚು ಕಾಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಕಳಿತ ತಿಪ್ಪೆಗೊಬ್ಬರ ಒಳ್ಳೆ ಹಾಕಿ.

ಕಳೆನಾಶಕದ ಬಗ್ಗೆ

ಹಿಂಗಾರಿ ಜೋಳಕ್ಕೆ ಮೇಲಿನ ಕೆಲಸ ಸಮಯಕ್ಕೆ ಮಾಡಿದರೆ ಔಷಧದ ಅಗತ್ಯ ಬೀಳುವುದು ಕಡಿಮೆ. ಮುಂಗಾರಿ ಜೋಳದ ಮಾತು ಬೇರೆ. ಬೀದರ, ಔರಾದ, ಭಾಲ್ಕಿ ಕಡೆ ಜೂನ್–ಜುಲೈನಲ್ಲಿ ಬಿತ್ತುತ್ತಾರೆ. ಮಳೆ ಹಿಡಿದರೆ ಎರಡು ಮೂರು ವಾರ ಎರೆಹೊಲದೊಳಗೆ ಕಾಲಿಡಲೂ ಆಗುವುದಿಲ್ಲ. ಎಡೆ ಎಲ್ಲಿಂದ ಹೊಡೆಯುವುದು? ಅಲ್ಲಿ ಬಿತ್ತಿದ ಒಂದೆರಡು ದಿನದೊಳಗೆ, ಜೋಳ ಮೊಳೆಯುವ ಮುನ್ನ, ಅಟ್ರಾಜಿನ್ ಶೇ 50ರ ಪುಡಿಯನ್ನು ಎಕರೆಗೆ ಸುಮಾರು 400 ಗ್ರಾಂ, ಧಾರಾಳ ನೀರಿನಲ್ಲಿ ಕಲಸಿ, ನೆಲ ಹಸಿ ಇದ್ದಾಗ ಸಿಂಪಡಿಸಬಹುದು. ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊಡೆಯಿರಿ, ಸಿಂಪಡಿಸಿದ ನೆಲ ತುಳಿಯಬೇಡಿ.

ಇದು ಜೋಳ ಒಂದೇ ಇರುವ ಹೊಲಕ್ಕೆ ಮಾತ್ರ. ಜೋಳದ ನಡುವೆ ತೊಗರಿ, ಹೆಸರು, ಉದ್ದು ಅಕ್ಕಡಿ ಹಾಕಿದ್ದರೆ ಅಟ್ರಾಜಿನ್ ಅವನ್ನೂ ಕೊಲ್ಲುತ್ತದೆ. ಹಾಗೆಯೇ 2,4-ಡಿ. ಅಗಲ ಎಲೆಯ ಕಸಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ ನಿಜ. ಆದರೆ ಗಾಳಿಗೆ ತೇಲಿ ಪಕ್ಕದವರ ಹತ್ತಿ, ತೊಗರಿಗೆ ತಾಗಿದರೆ ಎಲೆ ಮುರುಟಿಕೊಳ್ಳುತ್ತದೆ. ಹತ್ತಿಗಂತೂ ಸ್ವಲ್ಪ ತಾಗಿದರೂ ಸಾಕು. ಸುತ್ತಮುತ್ತ ಹತ್ತಿ ಇದ್ದರೆ ಬಳಸಲೇಬೇಡಿ ಅನ್ನುತ್ತೇನೆ. ಗ್ಲೈಫೋಸೇಟ್ ಅನ್ನು ನಿಂತ ಜೋಳದಲ್ಲಿ ಹೊಡೆದರೆ ಜೋಳವೇ ಹೋಗುತ್ತದೆ.

ಯಾವ ಔಷಧವಾದರೂ ಡಬ್ಬಿಯ ಮೇಲೆ ನಿಮ್ಮ ಬೆಳೆಯ ಹೆಸರು ಇದೆಯೇ ನೋಡಿ. ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ ಖಚಿತ ಮಾಡಿಕೊಳ್ಳಿ. ಕಳೆನಾಶಕದ ಪಂಪು ಬೇರೆಯೇ ಇರಲಿ, ಅದರಲ್ಲೇ ತೊಗರಿಗೆ ಕೀಟನಾಶಕ ಹೊಡೆಯಬೇಡಿ. ಮತ್ತೆ, ನಮ್ಮ ಹೆಣ್ಣುಮಕ್ಕಳು ಹೊಲದಲ್ಲಿ ಹಕ್ಕರಕಿ, ಕಿರಕಸಾಲಿ ಕಿತ್ತು ಉಡಿಯಲ್ಲಿ ಹಾಕಿಕೊಂಡು ಬರುತ್ತಾರೆ. ಹಕ್ಕರಕಿಯನ್ನಂತೂ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಔಷಧ ಹೊಡೆದ ಹೊಲದಿಂದ ಯಾರೂ ಪಲ್ಯ ಕೀಳದಂತೆ ಮನೆಯಲ್ಲೂ ಅಕ್ಕಪಕ್ಕದ ಹೊಲದವರಿಗೂ ಮೊದಲೇ ಹೇಳಿ.

ಯಾದಗಿರಿಯ ಗದ್ದೆಯವರಿಗೆ

ನಾರಾಯಣಪುರದ ಕಾಲುವೆ ನೀರಿನಲ್ಲಿ ಶಹಾಪುರ, ಸುರಪುರ, ಹುಣಸಗಿ ಕಡೆ ಭತ್ತ ಬೆಳೆಯುತ್ತಾರೆ. ಅಲ್ಲಿ ಕಸ ತಡೆಯುವುದರಲ್ಲಿ ಅರ್ಧ ಕೆಲಸ ನೀರಿನದು. ಗದ್ದೆ ಸಮತಟ್ಟು ಇದ್ದು, ನಾಟಿ ಆದ ಮೇಲೆ ಒಂದೆರಡು ಇಂಚು ನೀರು ನಿಂತರೆ ಎಷ್ಟೋ ಕಸ ಮೊಳೆಯುವುದೇ ಇಲ್ಲ. ದಿಬ್ಬ ಇರುವ ಕಡೆಯೇ ಕಸ ಏಳುವುದು, ಗಮನಿಸಿ ನೋಡಿ.

ಭತ್ತದ ಜೊತೆ ಭತ್ತದಂತೆಯೇ ಕಾಣುವ ಹುಲ್ಲು ಒಂದು ಬರುತ್ತದೆ. ಸಸಿ ಮಡಿಯಿಂದಲೇ ನಾಟಿ ಗದ್ದೆಗೆ ಬಂದುಬಿಡುತ್ತದೆ. ಗುರುತು ಹಿಡಿಯಲು ಎಲೆಯನ್ನು ಕಾಂಡದಿಂದ ಸ್ವಲ್ಪ ಹಿಂದಕ್ಕೆ ಬಾಗಿಸಿ. ಎಲೆ ಕಾಂಡ ಸೇರುವಲ್ಲಿ ತೆಳುವಾದ ಬಿಳಿ ಪೊರೆ ಎದ್ದು ನಿಂತಿದ್ದರೆ ಭತ್ತ. ಆ ಜಾಗ ಬೋಳಾಗಿ ನುಣ್ಣಗಿದ್ದರೆ ಹುಲ್ಲು, ಕಿತ್ತುಹಾಕಿ.

ಔಷಧ ಬಳಸುವವರು ನಾಟಿಯಾದ ಮೂರು ದಿನದೊಳಗೆ ಪ್ರೆಟಿಲಾಕ್ಲೋರ್ ಹಾಕುತ್ತಾರೆ. ತಪ್ಪಿಹೋದರೆ 15–25 ದಿನದೊಳಗೆ, ಕಸ ಎರಡು ಮೂರು ಎಲೆಯಲ್ಲಿದ್ದಾಗ, ಬಿಸ್‌ಪೈರಿಬ್ಯಾಕ್ ಸೋಡಿಯಂ ಶೇ 10ರದ್ದು ಎಕರೆಗೆ 80–100 ಮಿಲಿ. ಹೊಡೆಯುವ ಮುನ್ನ ನೀರು ಬಸಿದು ಕಸದ ಎಲೆ ಕಾಣುವಂತೆ ಮಾಡಿ, ಎರಡು ಮೂರು ದಿನ ಬಿಟ್ಟು ಮತ್ತೆ ನೀರು ಕಟ್ಟಿ.

ರಾಶಿ ಮಾಡುವಾಗ

ಜೋಳವನ್ನು ಬೇರು ಸಮೇತ ಕೀಳುವ ಪದ್ಧತಿ ನಮ್ಮಲ್ಲಿದೆ. ಸ್ಟ್ರೈಗಾ ಬಂದ ತೇಪೆಯನ್ನು ಮಾತ್ರ ಹಾಗೆ ಮಾಡಬೇಡಿ, ಕುಡುಗೋಲಿನಿಂದ ಮೇಲೆ ಕೊಯ್ಯಿರಿ. ಕಿತ್ತರೆ ಬೇರಿನ ಮಣ್ಣು, ಆ ಕಸದ ಬೀಜ ಎಲ್ಲವೂ ಕಣಕ್ಕೆ ಬಂದು, ಕಣಿಕೆಯ ಜೊತೆ ದನದ ಕೊಟ್ಟಿಗೆಗೆ, ಅಲ್ಲಿಂದ ತಿಪ್ಪೆಗೆ, ತಿಪ್ಪೆಯಿಂದ ಎಲ್ಲ ಹೊಲಗಳಿಗೂ ಹೋಗುತ್ತದೆ. ಆ ತೇಪೆಯ ಜೋಳವನ್ನು ಕೊನೆಗೆ ಕೊಯ್ದು, ಬೇರೆಯಾಗಿ ರಾಶಿ ಮಾಡಿ.

ಮಾಲ್ದಂಡಿಯಂಥ ತಳಿಗೆ ಮನೆಯ ಬೀಜವನ್ನೇ ಇಟ್ಟುಕೊಳ್ಳುವವರು ಕಣದ ರಾಶಿಯಿಂದ ತೆಗೆಯಬೇಡಿ. ಕೊಯ್ಲಿಗೆ ಮುನ್ನವೇ ಹೊಲದಲ್ಲಿ ಓಡಾಡಿ, ಕಸ ಇಲ್ಲದ ಜಾಗದಲ್ಲಿ ಒಳ್ಳೆಯ ತೆನೆ ಆರಿಸಿ, ಬೇರೆ ಒಣಗಿಸಿ ಬಡಿಯಿರಿ. ಬಾಡಿಗೆ ಯಂತ್ರ ಬಂದರೆ ಅದು ಹಿಂದೆ ಯಾರ ಹೊಲದಲ್ಲಿತ್ತು ಅಂತ ಕೇಳಿ. ಟೈರಿಗೆ ಅಂಟಿದ ಮಣ್ಣು, ಯಂತ್ರದೊಳಗೆ ಉಳಿದ ಹೊಟ್ಟು ಎರಡನ್ನೂ ದಾರಿಯ ಮೇಲೆಯೇ ತೆಗೆಸಿ, ಆಮೇಲೆ ಹೊಲಕ್ಕೆ ಬಿಡಿ.